ಸಯೀದ್ ಮೊಲ್ಲಾಯಿ: ಇರಾನ್ ಬಿಟ್ಟ ಜೂಡೋ ಚಾಂಪಿಯನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂಡೋ ಬಗ್ಗೆ ಮಾತು ಬಂದಾಗೆಲ್ಲ ಈ ಒಂದು ಹೆಸರು ಬಂದೇ ಬರುತ್ತದೆ. ಅದರ ಜೊತೆ ಅರ್ಧಂಬರ್ಧ ಸುದ್ದಿಗಳೂ ಬರುತ್ತವೆ. "ಇಸ್ರೇಲ್ ಆಟಗಾರನ ಜೊತೆ ಆಡಲ್ಲ ಅಂತ ಓಡಿಹೋದನಲ್ಲ, ಅವನೇ ಅಲ್ವಾ?" ಎಂದು ಕೇಳುವವರೂ ಇದ್ದಾರೆ. ನಡೆದದ್ದು ಅದಕ್ಕೆ ಪೂರ್ತಿ ಉಲ್ಟಾ. ಅದಕ್ಕೇ ಎಲ್ಲ ಪ್ರಶ್ನೆಗಳನ್ನೂ ಒಂದೇ ಕಡೆ ಇಟ್ಟು ಉತ್ತರ ಬರೆದಿದ್ದೇನೆ.

ಮೊಲ್ಲಾಯಿ ಅಂದ್ರೆ ಯಾರು?

1992ರಲ್ಲಿ ಟೆಹ್ರಾನ್‌ನಲ್ಲಿ ಹುಟ್ಟಿದ ಜೂಡೋ ಆಟಗಾರ. 81 ಕೆಜಿ ವಿಭಾಗ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಇರಾನ್ ಪರವಾಗಿ ಆಡಿದರು. 2017ರಲ್ಲಿ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು. 2018ರಲ್ಲಿ ಬಾಕು ನಗರದಲ್ಲಿ ಜಪಾನಿನ ಸೊತಾರೊ ಫುಜಿವಾರಾ ಅವರನ್ನು ಫೈನಲ್‌ನಲ್ಲಿ ಸೋಲಿಸಿ ವಿಶ್ವ ಚಾಂಪಿಯನ್ ಆದರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಬೆಳ್ಳಿ ಗೆದ್ದರು, ಆದರೆ ಆಗ ಎದೆಯ ಮೇಲೆ ಮಂಗೋಲಿಯಾ ಹೆಸರಿತ್ತು. 2022ರಿಂದ ಅಜರ್‌ಬೈಜಾನ್ ಪರ ಆಡಲು ಶುರು ಮಾಡಿದರು.

ಒಂದೇ ಜೀವನದಲ್ಲಿ ಮೂರು ದೇಶ. ಅದರಲ್ಲಿ ಮೊದಲನೆಯದನ್ನು ಬಿಟ್ಟದ್ದು ಯಾಕೆ ಅನ್ನುವುದೇ ನಿಜವಾದ ಕಥೆ.

ಜೂಡೋ ಗೊತ್ತಿಲ್ಲ. ಇದನ್ನು ಓದೋಕೆ ಎಷ್ಟು ಗೊತ್ತಿದ್ದರೆ ಸಾಕು?

ಸ್ವಲ್ಪ ಸಾಕು. ಪಂದ್ಯ ನಾಲ್ಕು ನಿಮಿಷ. ಎದುರಾಳಿಯನ್ನು ಬೆನ್ನ ಮೇಲೆ ಜೋರಾಗಿ, ಹಿಡಿತದಲ್ಲಿಟ್ಟುಕೊಂಡು ಕೆಡವಿದರೆ ಇಪ್ಪೊನ್, ಆಟ ಅಲ್ಲಿಗೇ ಮುಗಿಯಿತು. ಅಷ್ಟು ಚೆನ್ನಾಗಿ ಬೀಳಿಸದಿದ್ದರೆ ವಾಜಾ-ಆರಿ, ಅಂದರೆ ಅದಕ್ಕಿಂತ ಚಿಕ್ಕ ಅಂಕ. ಸಮಬಲ ಆದರೆ ಗೋಲ್ಡನ್ ಸ್ಕೋರ್, ಅಂದರೆ ಯಾರು ಮೊದಲು ಅಂಕ ತೆಗೆದರೂ ಅವರೇ ಗೆದ್ದಂತೆ. ದೊಡ್ಡ ಕೂಟಗಳಲ್ಲಿ ಒಂದು ತೂಕದ ವಿಭಾಗ ಪೂರ್ತಿ ಒಂದೇ ದಿನದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಮೊದಲ ಸುತ್ತು, ಸಂಜೆ ಫೈನಲ್. ಕಂಚು ಇಬ್ಬರಿಗೆ ಕೊಡುತ್ತಾರೆ. ಈ ಕೊನೆಯ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2019ರ ಆಗಸ್ಟ್ 28ರಂದು ಟೋಕಿಯೊದಲ್ಲಿ ಏನಾಯಿತು?

ಟೋಕಿಯೊದ ನಿಪ್ಪೊನ್ ಬುಡೊಕಾನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಜೂಡೋ ಆಡುವವರಿಗೆ ಅದಕ್ಕಿಂತ ದೊಡ್ಡ ಜಾಗ ಇಲ್ಲ. 1964ರಲ್ಲಿ ಜೂಡೋ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು ಅಲ್ಲೇ. ಮೊಲ್ಲಾಯಿ ಹಾಲಿ ಚಾಂಪಿಯನ್ ಆಗಿ ಬಂದಿದ್ದರು. ಅದೇ ವಿಭಾಗದಲ್ಲಿ ಇಸ್ರೇಲ್‌ನ ಸಾಗಿ ಮುಕಿ ಕೂಡ ಇದ್ದರು. ಯಾರ ಎದುರು ಯಾರು ಆಡಬೇಕು ಎಂಬ ಪಟ್ಟಿಯ ಬೇರೆ ಬೇರೆ ಅರ್ಧದಲ್ಲಿ ಇಬ್ಬರೂ ಇದ್ದರು. ಹಾಗಾಗಿ ಇಬ್ಬರೂ ಗೆಲ್ಲುತ್ತಾ ಹೋದರೆ ಎದುರಾಗುವುದು ಫೈನಲ್‌ನಲ್ಲೇ.

ಮುಂದೆ ನಡೆದದ್ದನ್ನು ಅಂತರರಾಷ್ಟ್ರೀಯ ಜೂಡೋ ಫೆಡರೇಷನ್, ಚಿಕ್ಕದಾಗಿ ಐಜೆಎಫ್, ಆಮೇಲೆ ವಿವರವಾಗಿ ಪ್ರಕಟಿಸಿತು. ರಷ್ಯಾದ ಖಾಸನ್ ಖಾಲ್ಮುರ್ಜಾಯೆವ್ ಜೊತೆಗಿನ ಪಂದ್ಯಕ್ಕೆ ಮುಂಚೆ ಇರಾನ್ ತಂಡದ ಕೋಚ್‌ಗೆ ಫೋನ್ ಬಂತು. ಫೋನ್ ಮಾಡಿದವರು ಇರಾನ್ ಕ್ರೀಡಾ ಇಲಾಖೆಯ ಉಪ ಸಚಿವರು. ಮೊಲ್ಲಾಯಿ ಕೂಟದಿಂದ ಹಿಂದೆ ಸರಿಯಬೇಕು, ಇಸ್ರೇಲ್ ಆಟಗಾರ ಎದುರಾಗುವ ಸಾಧ್ಯತೆಯೇ ಇರಬಾರದು ಅನ್ನುವುದು ಆಜ್ಞೆ. ಮೊಲ್ಲಾಯಿ ಅಲ್ಲೇ ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಹೋಗಿ ಖಾಲ್ಮುರ್ಜಾಯೆವ್ ಅವರನ್ನು ಸೋಲಿಸಿದರು. ಸೋತವರು ಯಾರೋ ಸಾಮಾನ್ಯ ಆಟಗಾರ ಅಂದುಕೊಳ್ಳಬೇಡಿ, ಆತ ರಿಯೋ ಒಲಿಂಪಿಕ್ಸ್ ಚಿನ್ನ ಗೆದ್ದವರು. ಅಲ್ಲಿಗೆ ನಿಲ್ಲದೆ ಗೆಲ್ಲುತ್ತಾ ಸೆಮಿಫೈನಲ್‌ವರೆಗೂ ಬಂದರು.

ಸೆಮಿಫೈನಲ್‌ಗೆ ಮುಂಚೆ ಇನ್ನೊಂದು ಫೋನ್. ಈ ಸಲ ಇರಾನ್ ಒಲಿಂಪಿಕ್ ಸಮಿತಿಯ ಅಧ್ಯಕ್ಷ ರೆಜಾ ಸಾಲೆಹಿ ಅಮೀರಿ. ಭದ್ರತಾ ಸಂಸ್ಥೆಯವರು ಟೆಹ್ರಾನ್‌ನಲ್ಲಿ ಮೊಲ್ಲಾಯಿಯ ತಂದೆತಾಯಿಯ ಮನೆಯಲ್ಲಿದ್ದಾರೆ ಎಂಬ ಮಾತೂ ಆಗ ಬಂತು ಎಂದು ಐಜೆಎಫ್ ಹೇಳಿತು. ಅದೂ ಸಾಲದು ಎಂಬಂತೆ ಇರಾನ್ ರಾಯಭಾರ ಕಚೇರಿಯ ಒಬ್ಬರು ಕೋಚ್‌ನ ಪ್ರವೇಶಪತ್ರ ಹಾಕಿಕೊಂಡು, ಆಟಗಾರರು ಮೈ ಬಿಸಿ ಮಾಡಿಕೊಳ್ಳುವ ಜಾಗದವರೆಗೂ ಬಂದುಬಿಟ್ಟರು.

ಮೊಲ್ಲಾಯಿ ಸೆಮಿಫೈನಲ್‌ನಲ್ಲಿ ಬೆಲ್ಜಿಯಂನ ಮಥಿಯಾಸ್ ಕಾಸ್ ಎದುರು ಸೋತರು. ಕಂಚಿನ ಪಂದ್ಯದಲ್ಲಿ ಜಾರ್ಜಿಯಾದ ಲೂಕಾ ಮೈಸುರಾಡ್ಜೆ ಎದುರೂ ಸೋತರು. ಅತ್ತ ಮುಕಿ ಫೈನಲ್‌ನಲ್ಲಿ ಕಾಸ್ ಅವರನ್ನು ಸೋಲಿಸಿ ಚಿನ್ನ ಗೆದ್ದರು. ಇಸ್ರೇಲ್‌ಗೆ ಪುರುಷರ ವಿಭಾಗದಲ್ಲಿ ಅದೇ ಮೊದಲ ವಿಶ್ವ ಚಿನ್ನ.

ಹಾಗಾದ್ರೆ ಬೇಕಂತಲೇ ಸೋತರಾ?

ಜನ ಜಾಸ್ತಿ ಕೇಳುವುದು ಇದನ್ನೇ. ಇಷ್ಟು ಮಾತ್ರ ಯೋಚಿಸಿ. ಬೆಳಿಗ್ಗೆಯೇ ಸೋಲಬೇಕು ಅಂತ ತೀರ್ಮಾನ ಮಾಡಿದ್ದರೆ ಮೊದಲ ಫೋನ್ ಬಂದಾಗಲೇ "ಮೊಣಕಾಲು ನೋವು" ಎಂದು ಮನೆಗೆ ಹೋಗಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅದನ್ನು ಬಿಟ್ಟು ಒಲಿಂಪಿಕ್ ಚಾಂಪಿಯನ್‌ನನ್ನು ಸೋಲಿಸಿ ಮುಂದೆ ಬಂದರು. ಅಪ್ಪ ಅಮ್ಮನ ಮನೆಯಲ್ಲಿ ಭದ್ರತಾ ಸಿಬ್ಬಂದಿ ಕೂತಿದ್ದಾರೆ ಎಂದು ಕೇಳಿಸಿಕೊಂಡ ಮೇಲೆ ಯಾರ ಕೈಯಲ್ಲಿ ಹಿಡಿತ ನಿಲ್ಲುತ್ತದೆ ಹೇಳಿ. ಎದುರಿಗಿದ್ದ ಕಾಸ್ ಕೂಡ ಚಿಕ್ಕವರಲ್ಲ, 2021ರಲ್ಲಿ ವಿಶ್ವ ಚಾಂಪಿಯನ್ ಆದವರು.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದಿಲ್ಲ. ಸೆಮಿಫೈನಲ್ ಸೋತ ಮಾತ್ರಕ್ಕೆ ಸಮಸ್ಯೆ ಮುಗಿದಿರಲಿಲ್ಲ. ಕಂಚು ಗೆದ್ದರೂ ಅದೇ ವೇದಿಕೆ ಮೇಲೆ ಮುಕಿ ಪಕ್ಕದಲ್ಲಿ ನಿಲ್ಲಬೇಕಿತ್ತು, ಇಸ್ರೇಲ್ ರಾಷ್ಟ್ರಗೀತೆ ಕೇಳಬೇಕಿತ್ತು, ಕೈ ಕುಲುಕಬೇಕಿತ್ತು. ಅಂದರೆ ಪದಕದ ಹತ್ತಿರ ಹೋಗುವುದೇ ಅವರಿಗೆ ಅಪಾಯ ಆಗಿತ್ತು. ಆ ದಿನದ ಸೋಲನ್ನು ಸಾಮಾನ್ಯ ಸೋಲು ಎಂದು ನಾನಂತೂ ಲೆಕ್ಕ ಹಾಕುವುದಿಲ್ಲ.

ಇರಾನ್ ಇದಕ್ಕೆ ಏನು ಹೇಳಿತು?

ಒತ್ತಡ ಹಾಕಿದ್ದನ್ನು ಒಪ್ಪಲಿಲ್ಲ. ಆದರೆ ಪ್ರಕರಣ ಆಮೇಲೆ ಕ್ರೀಡಾ ನ್ಯಾಯಮಂಡಳಿಗೆ ಹೋದಾಗ ಅಲ್ಲೂ ಇರಾನ್ ಜೂಡೋ ಸಂಸ್ಥೆ ಗಂಭೀರವಾಗಿ ನಿಯಮ ಮುರಿದಿದೆ ಎಂದೇ ತೀರ್ಮಾನ ಬಂತು.

ಇರಾನ್ ಆಟಗಾರರಿಗೆ ಮುಂಚೆಯೂ ಹೀಗೆ ಆಗಿತ್ತಾ?

ತುಂಬಾ ಸಲ. 1979ರ ಕ್ರಾಂತಿಯ ನಂತರ ಇರಾನ್ ಇಸ್ರೇಲ್ ಅನ್ನು ದೇಶ ಎಂದೇ ಒಪ್ಪುವುದಿಲ್ಲ. ಆ ದೇಶದ ಆಟಗಾರನ ಎದುರು ನಿಂತರೆ ಒಪ್ಪಿಕೊಂಡಂತೆ ಆಗುತ್ತದೆ ಅನ್ನುವುದು ಅವರ ವಾದ. ಇದರ ಭಾರ ಪ್ರತಿ ಸಲವೂ ಬೀಳುವುದು ಆಟಗಾರನ ಹೆಗಲ ಮೇಲೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅರಾಶ್ ಮಿರೆಸ್ಮಾಯಿಲಿ ಇರಾನ್ ಧ್ವಜ ಹಿಡಿದು ಬಂದವರು. ಎರಡು ಸಲದ ವಿಶ್ವ ಚಾಂಪಿಯನ್, 66 ಕೆಜಿ ವಿಭಾಗದಲ್ಲಿ ಚಿನ್ನ ಅವರದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮೊದಲ ಸುತ್ತಿನಲ್ಲೇ ಇಸ್ರೇಲ್‌ನ ಎಹುದ್ ವಾಕ್ಸ್ ಎದುರಾಳಿ ಎಂದು ಬಂತು. ಮಿರೆಸ್ಮಾಯಿಲಿ ತೂಕ ಮಾಡಿಸುವಾಗ ಮಿತಿಗಿಂತ ಜಾಸ್ತಿ ತೂಗಿ ಅನರ್ಹರಾದರು. ಇರಾನ್‌ನಲ್ಲಿ ಅವರಿಗೆ ಚಿನ್ನ ಗೆದ್ದವರಿಗೆ ಕೊಡುವಷ್ಟೇ ಬಹುಮಾನ ಸಿಕ್ಕಿತು. ಮೊಲ್ಲಾಯಿ ಪ್ರಕರಣ ನಡೆದಾಗ ಇರಾನ್ ಜೂಡೋ ಸಂಸ್ಥೆಯ ಅಧ್ಯಕ್ಷರು ಯಾರು ಗೊತ್ತಾ? ಇದೇ ಮಿರೆಸ್ಮಾಯಿಲಿ. ಇದನ್ನು ಓದಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಆ ಸಂಕಟ ಏನು ಅಂತ ಗೊತ್ತಿರುವ ಮನುಷ್ಯನೇ ಮೇಲಿನ ಕುರ್ಚಿಯಲ್ಲಿದ್ದರು.

ಕುಸ್ತಿಯಲ್ಲೂ ಇದೇ. 2017ರಲ್ಲಿ ಪೋಲೆಂಡ್‌ನಲ್ಲಿ ನಡೆದ 23 ವರ್ಷದೊಳಗಿನವರ ವಿಶ್ವ ಕೂಟದಲ್ಲಿ ಅಲಿರೆಜಾ ಕರೀಮಿ ಗೆಲ್ಲುತ್ತಿದ್ದರು. ಗೆದ್ದರೆ ಮುಂದೆ ಇಸ್ರೇಲ್ ಕುಸ್ತಿಪಟು. ಕೋಚ್ ಪಕ್ಕದಿಂದ "ಸೋಲು" ಎಂದು ಕೂಗಿದರು, ಕರೀಮಿ ಸೋತರು. ಅದರ ವಿಡಿಯೊ ಪ್ರಪಂಚ ಪೂರ್ತಿ ನೋಡಿತು. ಕೊನೆಗೆ ನಿಷೇಧದ ಶಿಕ್ಷೆ ಕೋಚ್ ಜೊತೆ ಕರೀಮಿಗೂ ಬಿತ್ತು.

ಐಜೆಎಫ್ ಈ ವಿಷಯದಲ್ಲಿ ಯಾಕೆ ಇಷ್ಟು ಗಟ್ಟಿಯಾಗಿ ನಿಂತಿತು?

ಅದಕ್ಕೆ ಹಿನ್ನೆಲೆ ಇದೆ. 2017ರಲ್ಲಿ ಅಬುಧಾಬಿ ಕೂಟದಲ್ಲಿ ಇಸ್ರೇಲ್‌ನ ತಾಲ್ ಫ್ಲಿಕರ್ ಚಿನ್ನ ಗೆದ್ದರೂ ಅವರ ಧ್ವಜ ಹಾರಲಿಲ್ಲ, ರಾಷ್ಟ್ರಗೀತೆ ನುಡಿಸಲಿಲ್ಲ. ಎಲ್ಲರನ್ನೂ ಸಮಾನವಾಗಿ ನೋಡದಿದ್ದರೆ ಕೂಟವೇ ಇಲ್ಲ ಎಂದು ಐಜೆಎಫ್ ಪಟ್ಟು ಹಿಡಿಯಿತು. 2018ರಲ್ಲಿ ಅದೇ ಅಬುಧಾಬಿಯಲ್ಲಿ 81 ಕೆಜಿ ಚಿನ್ನ ಗೆದ್ದ ಸಾಗಿ ಮುಕಿಗೆ ಇಸ್ರೇಲ್ ರಾಷ್ಟ್ರಗೀತೆ ನುಡಿಸಿದರು. ಆಮೇಲೆ ಇರಾನ್ ಸರದಿ. 2019ರ ಮೇ ತಿಂಗಳಲ್ಲಿ, ಇನ್ನು ಮೇಲೆ ಒಲಿಂಪಿಕ್ ನಿಯಮಗಳಂತೆ ನಡೆದುಕೊಳ್ಳುತ್ತೇವೆ, ಭೇದ ಮಾಡುವುದಿಲ್ಲ ಎಂದು ಇರಾನ್ ಬರೆದುಕೊಟ್ಟ ಪತ್ರವನ್ನು ಐಜೆಎಫ್ ಪ್ರಕಟಿಸಿತ್ತು. ಕೆಲವೇ ತಿಂಗಳಲ್ಲಿ ಟೋಕಿಯೊ. ಮೊಲ್ಲಾಯಿ ಆ ಬೆಳಿಗ್ಗೆ ಆಡುತ್ತಿದ್ದದ್ದು ತನ್ನ ದೇಶವೇ ಸಹಿ ಹಾಕಿದ್ದ ಮಾತಿನ ಪ್ರಕಾರ. ಅದನ್ನು ಮುರಿದವರು ಬೇರೆಯವರು.

ಟೋಕಿಯೊದಿಂದ ಮನೆಗೆ ಯಾಕೆ ಹೋಗಲಿಲ್ಲ?

ಭಯ. ಹಾಗೆಂದು ಅವರೇ ಹೇಳಿದರು, ತನಗೂ ಮನೆಯವರಿಗೂ ಏನಾಗುತ್ತದೋ ಎಂಬ ಭಯ. ಜಪಾನ್‌ನಿಂದ ಜರ್ಮನಿಗೆ ಹೋದರು. ತಂದೆತಾಯಿ ಇರಾನ್‌ನಲ್ಲೇ ಉಳಿದರು.

ಅಲ್ಲಾ, ಮಂಗೋಲಿಯಾಗೆ ಯಾಕೆ ಹೋದರು? ಇರಾನ್‌ಗೂ ಮಂಗೋಲಿಯಾಗೂ ಏನು ಸಂಬಂಧ?

ಮಂಗೋಲಿಯಾ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಇದು ವಿಚಿತ್ರ ಅನ್ನಿಸುವುದಿಲ್ಲ. ಕುಸ್ತಿ, ಜೂಡೋ, ಸಾಂಬೊ (ರಷ್ಯಾದ ಕಡೆಯ ಒಂದು ಬಗೆಯ ಕುಸ್ತಿ) ಅಲ್ಲಿನ ಜನರ ಜೀವ. ಆ ದೇಶದ ಮೊದಲ ಒಲಿಂಪಿಕ್ ಚಿನ್ನ ಬಂದದ್ದೇ ಜೂಡೋದಿಂದ, 2008ರ ಬೀಜಿಂಗ್‌ನಲ್ಲಿ ನೈಡಾಂಗಿನ್ ತೂವ್ಶಿನ್‌ಬಾಯರ್ ಗೆದ್ದದ್ದು. 2019ರಲ್ಲಿ ಅಲ್ಲಿನ ರಾಷ್ಟ್ರಾಧ್ಯಕ್ಷರಾಗಿದ್ದ ಖಲ್ತ್ಮಾಗಿನ್ ಬತ್ತುಲ್ಗ ಸ್ವತಃ ಸಾಂಬೊ ಕುಸ್ತಿಪಟು, ಮಂಗೋಲಿಯಾ ಜೂಡೋ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದವರು. ಅವರು ಮೊಲ್ಲಾಯಿಗೆ ಪೌರತ್ವ ಕೊಟ್ಟರು. 2019ರ ಡಿಸೆಂಬರ್ ಶುರುವಿನಲ್ಲೇ ಸುದ್ದಿ ಬಂತು.

ಆ ಹೊತ್ತಿಗೆ ಒಲಿಂಪಿಕ್ಸ್‌ಗೆ ಉಳಿದಿದ್ದದ್ದು ಏಳೆಂಟು ತಿಂಗಳು. ಅರ್ಹತಾ ಅಂಕ ಕೂಡಿಸಬೇಕು, ಅದಕ್ಕೆ ದೇಶ ದೇಶ ಸುತ್ತಬೇಕು, ಪಾಸ್‌ಪೋರ್ಟ್ ಇಲ್ಲದೆ ಅದೆಲ್ಲ ಆಗುವ ಮಾತಲ್ಲ. ಆಮೇಲೆ ಕೋವಿಡ್ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು.

ದೇಶ ಬದಲಾಯಿಸಿದ ತಕ್ಷಣ ಒಲಿಂಪಿಕ್ಸ್ ಆಡಬಹುದಾ?

ಸುಮ್ನೆ ಹಾಗೆ ಆಗುವುದಿಲ್ಲ. ಒಲಿಂಪಿಕ್ ಸನ್ನದಿನ 41ನೇ ನಿಯಮ ಇದರ ಬಗ್ಗೆಯೇ ಇದೆ. ಒಲಿಂಪಿಕ್ಸ್ ಅಥವಾ ವಿಶ್ವ ಚಾಂಪಿಯನ್‌ಶಿಪ್‌ನಂಥ ಕೂಟದಲ್ಲಿ ಒಂದು ದೇಶದ ಪರ ಆಡಿದವರು ಇನ್ನೊಂದು ದೇಶದ ಪರ ಒಲಿಂಪಿಕ್ಸ್ ಆಡಬೇಕಾದರೆ ನಡುವೆ ಮೂರು ವರ್ಷ ಕಳೆದಿರಬೇಕು. ಈ ಅವಧಿಯನ್ನು ಕಡಿಮೆ ಮಾಡುವ, ಪೂರ್ತಿ ತೆಗೆದುಹಾಕುವ ಅಧಿಕಾರ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿಗೆ ಇದೆ. ಮೊಲ್ಲಾಯಿ ಇರಾನ್ ಪರ ಕೊನೆಯದಾಗಿ ಆಡಿದ್ದು 2019ರ ಆಗಸ್ಟ್, ಮಂಗೋಲಿಯಾ ಪರ ಒಲಿಂಪಿಕ್ಸ್ ಆಡಿದ್ದು 2021ರ ಜುಲೈ. ಎರಡು ವರ್ಷವೂ ಪೂರ್ತಿ ಆಗಿರಲಿಲ್ಲ, ಹಾಗಾಗಿ ಆ ವಿನಾಯಿತಿ ಬೇಕೇ ಬೇಕಿತ್ತು.

ದುಡ್ಡಿಗೋಸ್ಕರ ಹೋದರು, ದೇಶಕ್ಕೆ ದ್ರೋಹ ಮಾಡಿದರು ಅಂತಾರಲ್ಲ?

ಕ್ರೀಡೆಯಲ್ಲಿ ದುಡ್ಡಿಗಾಗಿ ದೇಶ ಬದಲಾಯಿಸುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅದೂ ಒಂದು ಆಯ್ಕೆ. ಆದರೆ ಮೊಲ್ಲಾಯಿ ವಿಷಯದಲ್ಲಿ ಲೆಕ್ಕ ಹಾಕಿ ನೋಡಿ. ಹಾಲಿ ವಿಶ್ವ ಚಾಂಪಿಯನ್ ಆಗಿ ಇರಾನ್‌ನಲ್ಲಿ ಇದ್ದಿದ್ದರೆ ಹೆಸರು, ಗೌರವ, ಮನೆ, ಅಪ್ಪ ಅಮ್ಮ ಎಲ್ಲ ಇರುತ್ತಿತ್ತು. ಮಾಡಬೇಕಿದ್ದದ್ದು ಒಂದೇ, ಹೇಳಿದಾಗ ಸೋಲುವುದು. ಅದನ್ನು ಒಪ್ಪದೆ ಎಲ್ಲವನ್ನೂ ಬಿಟ್ಟವರನ್ನು ದ್ರೋಹಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅವರು ಕೇಳಿದ್ದು ಇಷ್ಟೇ, ಪಟ್ಟಿಯಲ್ಲಿ ಮುಂದೆ ಯಾರ ಹೆಸರಿದೆಯೋ ಅವರ ಜೊತೆ ನನ್ನನ್ನು ಆಡಲು ಬಿಡಿ ಎಂದು.

ಇಸ್ರೇಲ್ ಸರ್ಕಾರ ಮಾಡುವುದನ್ನೆಲ್ಲ ಒಪ್ಪಬೇಕು ಅಂತ ಇದರ ಅರ್ಥವೂ ಅಲ್ಲ. ಅದು ಬೇರೆಯೇ ಚರ್ಚೆ, ಆ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ. ಒಬ್ಬ ಆಟಗಾರನನ್ನು ಅವನ ಮನೆಯವರ ಹೆಸರು ಹೇಳಿ ಹೆದರಿಸಿ ಸೋಲಿಸುವುದು ಸರಿಯಾ ಅನ್ನುವ ಪ್ರಶ್ನೆಗೆ ಅದು ಉತ್ತರ ಆಗುವುದಿಲ್ಲ.

ಇಸ್ರೇಲ್‌ನ ಟೆಲ್ ಅವೀವ್‌ಗೂ ಹೋಗಿದ್ದರಂತೆ, ನಿಜವೇ?

ನಿಜ. 2021ರ ಫೆಬ್ರವರಿಯಲ್ಲಿ ಅಲ್ಲಿ ನಡೆದ ಗ್ರ್ಯಾಂಡ್ ಸ್ಲ್ಯಾಮ್ ಒಲಿಂಪಿಕ್ ಅರ್ಹತೆಗೆ ಅಂಕ ಸಿಗುವ ಕೂಟ. ಮಂಗೋಲಿಯಾ ಆಟಗಾರನಾಗಿ ಹೋದರು, ಇಸ್ರೇಲ್ ತಂಡದ ಜೊತೆ ಅಭ್ಯಾಸ ಮಾಡಿದರು. ಫೈನಲ್‌ಗೆ ಬಂದು ಉಜ್ಬೇಕಿಸ್ತಾನದ ಶರೊಫಿದ್ದಿನ್ ಬೊಲ್ತಬಾಯೆವ್ ಎದುರು ಸೋತು ಬೆಳ್ಳಿ ಪಡೆದರು. ಇರಾನ್‌ನಲ್ಲಿ ಹುಟ್ಟಿದ ಚಾಂಪಿಯನ್ ಇಸ್ರೇಲ್ ನೆಲದಲ್ಲಿ ಪದಕ ಹಾಕಿಕೊಂಡು ನಿಂತದ್ದು ಸಣ್ಣ ಸುದ್ದಿ ಆಗಲಿಲ್ಲ.

ಮುಕಿ ಮತ್ತು ಮೊಲ್ಲಾಯಿ ಆ ಹೊತ್ತಿಗೆ ಗೆಳೆಯರಾಗಿದ್ದರು. ಇಬ್ಬರೂ ಹುಟ್ಟಿದ್ದು 1992ರಲ್ಲೇ, ಇಬ್ಬರೂ ವಿಶ್ವ ಚಾಂಪಿಯನ್ ಆಗಿದ್ದವರು, ಒಂದೇ ತೂಕ.

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇಬ್ಬರೂ ಎದುರಾದರಾ?

ಇಲ್ಲ. ಎಲ್ಲರೂ ಅದನ್ನೇ ಕಾಯುತ್ತಿದ್ದರು, ಆಗಲಿಲ್ಲ. ಮುಕಿಗೆ ಅಲ್ಲಿ ಸಿಕ್ಕಿದ್ದು ಮಿಶ್ರ ತಂಡ ವಿಭಾಗದ ಕಂಚು.

2021ರ ಜುಲೈ 27ರಂದು ಮೊಲ್ಲಾಯಿ ಮತ್ತೆ ಅದೇ ಬುಡೊಕಾನ್‌ಗೆ ಬಂದರು. ಈ ಸಲ ಫೋನ್ ಮಾಡುವವರು ಯಾರೂ ಇರಲಿಲ್ಲ. ಫೈನಲ್‌ವರೆಗೆ ಹೋದರು. ಎದುರಿಗೆ ಜಪಾನಿನ ಟಕನೊರಿ ನಗಾಸೆ, ಅದೂ ಅವರದೇ ಊರಿನ ಚಾಪೆಯ ಮೇಲೆ. ನಾಲ್ಕು ನಿಮಿಷದಲ್ಲಿ ತೀರ್ಮಾನ ಆಗಲಿಲ್ಲ. ಗೋಲ್ಡನ್ ಸ್ಕೋರ್‌ನಲ್ಲಿ ನಗಾಸೆ ಗೆದ್ದರು, ಮೊಲ್ಲಾಯಿಗೆ ಬೆಳ್ಳಿ. ನಗಾಸೆ 2024ರ ಪ್ಯಾರಿಸ್‌ನಲ್ಲೂ ಚಿನ್ನ ಗೆದ್ದವರು, ಅಂಥವರ ಎದುರಿನ ಸೋಲು ಅದು. ಆ ಒಲಿಂಪಿಕ್ಸ್‌ನಲ್ಲಿ ಮಂಗೋಲಿಯಾಗೆ ಸಿಕ್ಕ ನಾಲ್ಕು ಪದಕಗಳಲ್ಲಿ ಬೆಳ್ಳಿ ಇದೊಂದೇ, ಉಳಿದ ಮೂರೂ ಕಂಚು. ಪಂದ್ಯದ ನಂತರ ಇಸ್ರೇಲ್‌ನ ಟಿವಿಯವರ ಜೊತೆ ಮಾತಾಡುತ್ತಾ, ಈ ಪದಕ ಇಸ್ರೇಲ್‌ಗೂ ಸೇರಿದ್ದು ಎಂಬರ್ಥದಲ್ಲಿ ಹೇಳಿದರು.

ಇರಾನ್ ಜೂಡೋ ಸಂಸ್ಥೆಗೆ ಶಿಕ್ಷೆ ಆಯಿತಾ?

ಆಯಿತು, ಆದರೆ ನೇರವಾಗಿ ಅಲ್ಲ. 2019ರ ಸೆಪ್ಟೆಂಬರ್ 18ರಂದು ಐಜೆಎಫ್ ತಾತ್ಕಾಲಿಕವಾಗಿ ಅಮಾನತು ಮಾಡಿತು. ಅಕ್ಟೋಬರ್‌ನಲ್ಲಿ ಅದನ್ನು ಮುಂದುವರಿಸಿ, ಇನ್ನು ಹೀಗೆ ಮಾಡುವುದಿಲ್ಲ ಎಂಬ ಗಟ್ಟಿ ಭರವಸೆ ಕೊಡುವವರೆಗೆ ಅಮಾನತು ಎಂದಿತು. ಇರಾನ್ ಸ್ವಿಟ್ಜರ್ಲೆಂಡ್‌ನ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. 2021ರ ಮಾರ್ಚ್‌ನಲ್ಲಿ ತೀರ್ಪು ಬಂತು. ತಪ್ಪು ಗಂಭೀರವೇ, ಆದರೆ ಹೀಗೆ ಅವಧಿಯೇ ಇಲ್ಲದ ಶಿಕ್ಷೆಗೆ ಐಜೆಎಫ್ ನಿಯಮಗಳಲ್ಲಿ ಆಧಾರ ಇಲ್ಲ ಎಂದು ಅದನ್ನು ರದ್ದು ಮಾಡಿದರು. ಇರಾನ್ ಗೆದ್ದಿತು ಎಂದು ಆಗ ಸುದ್ದಿ ಹಬ್ಬಿತು. ಅದು ಅರ್ಧ ಸತ್ಯ. ಮರುತಿಂಗಳೇ, ಏಪ್ರಿಲ್ ಕೊನೆಯಲ್ಲಿ, ಐಜೆಎಫ್ ಅವಧಿ ನಮೂದಿಸಿ ನಾಲ್ಕು ವರ್ಷದ ನಿಷೇಧ ಹಾಕಿತು. ಅದನ್ನು 2019ರ ಸೆಪ್ಟೆಂಬರ್‌ನಿಂದ ಲೆಕ್ಕ ಹಿಡಿದರು, 2023ರ ಸೆಪ್ಟೆಂಬರ್‌ಗೆ ಮುಗಿಯಿತು.

ಇದರಲ್ಲಿ ನನ್ನನ್ನು ಕಾಡುವುದು ಉಳಿದ ಇರಾನ್ ಹುಡುಗರ ವಿಷಯ. ಫೋನ್ ಮಾಡಿದವರು ಅವರಲ್ಲ, ಆದರೂ ಆಡುವ ವಯಸ್ಸಿನ ನಾಲ್ಕು ವರ್ಷ ಅವರದ್ದೂ ಪೆಟ್ಟು ತಿಂದಿತು. ಜೂಡೋದಲ್ಲಿ ನಾಲ್ಕು ವರ್ಷ ಅಂದರೆ ಒಂದು ಇಡೀ ಒಲಿಂಪಿಕ್ ಅವಧಿ.

ಮತ್ತೆ ಅಜರ್‌ಬೈಜಾನ್ ಯಾಕೆ?

ಇದು ಮೊದಲ ಬದಲಾವಣೆಯಂಥದ್ದಲ್ಲ. 2022ರಲ್ಲಿ ಆದ ಬದಲಾವಣೆ, ಆಟಗಾರರು ಸಾಮಾನ್ಯವಾಗಿ ಸಂಸ್ಥೆ ಬದಲಾಯಿಸುವ ಹಾಗೆ ನಡೆದದ್ದು. ಅವರು ವಿಶ್ವ ಚಾಂಪಿಯನ್ ಆದ ಬಾಕು ಇರುವುದು ಅಲ್ಲೇ. ಆದರೆ ಅಜರ್‌ಬೈಜಾನ್ ಜೂಡೋದಲ್ಲಿ ತುಂಬಾ ಬಲವಾದ ದೇಶ, ಒಲಿಂಪಿಕ್ಸ್‌ಗೆ ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬರೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊಲ್ಲಾಯಿ ಇರಲಿಲ್ಲ.

ಅದೇ ಟೋಕಿಯೊದಲ್ಲಿ ಇಸ್ರೇಲ್ ಆಟಗಾರನ ಜೊತೆ ಆಡಲ್ಲ ಅಂದವರು ಬೇರೆ ಯಾರೋ ಇದ್ದರಲ್ಲ?

ಹೌದು, ಅವರು ಅಲ್ಜೀರಿಯಾದ ಫೆತಿ ನೂರಿನ್. 73 ಕೆಜಿ ವಿಭಾಗದಲ್ಲಿ ಇಸ್ರೇಲ್‌ನ ತೊಹಾರ್ ಬುತ್ಬುಲ್ ಎದುರಾಗುವ ಸಾಧ್ಯತೆ ಇತ್ತು. ಪ್ಯಾಲೆಸ್ಟೀನ್ ಪರವಾಗಿ ನಿಲ್ಲುತ್ತೇನೆ ಎಂದು ಹೇಳಿ ಹಿಂದೆ ಸರಿದರು. ಐಜೆಎಫ್ ಅವರಿಗೂ ಕೋಚ್‌ಗೂ ತಲಾ 10 ವರ್ಷ ನಿಷೇಧ ಹಾಕಿತು. ನೂರಿನ್ ಅದು ತನ್ನದೇ ನಿರ್ಧಾರ ಎಂದರು, ಬೆಲೆಯನ್ನೂ ತಾನೇ ಕೊಟ್ಟರು. ಮೊಲ್ಲಾಯಿಗೆ ಆ ನಿರ್ಧಾರವನ್ನು ಬೇರೆಯವರು ಫೋನ್‌ನಲ್ಲಿ ಓದಿ ಹೇಳಿದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ದೇಶ ಬದಲಾಯಿಸಿದ ಬೇರೆ ಜೂಡೋ ಆಟಗಾರರು ಇದ್ದಾರಾ?

ಬೇಕಾದಷ್ಟು. ಇಲಿಯಾಸ್ ಇಲಿಯಾಡಿಸ್ ಜಾರ್ಜಿಯಾದಲ್ಲಿ ಹುಟ್ಟಿ, 2004ರಲ್ಲಿ 17ನೇ ವಯಸ್ಸಿಗೇ ಗ್ರೀಸ್‌ಗೆ ಚಿನ್ನ ತಂದರು, ಅದೂ ಇದೇ 81 ಕೆಜಿಯಲ್ಲಿ. ಮೈಲಿಂಡಾ ಕೆಲ್ಮೆಂಡಿ ಕಥೆ ಬೇರೆ ಥರ. ಕೊಸೊವೊಗೆ ಒಲಿಂಪಿಕ್ ಮಾನ್ಯತೆ ಇಲ್ಲದ ಕಾರಣ 2012ರಲ್ಲಿ ಅಲ್ಬೇನಿಯಾ ಪರ ಆಡಿದರು, 2016ರಲ್ಲಿ ತಮ್ಮದೇ ಧ್ವಜ ಹಿಡಿದು ಬಂದು ಕೊಸೊವೊಗೆ ಮೊದಲ ಒಲಿಂಪಿಕ್ ಪದಕ ತಂದರು, ಅದೇ ಚಿನ್ನ. ಜೂಡೋ ಬಿಟ್ಟು ನೋಡಿದರೆ ಮೊಲ್ಲಾಯಿಗೆ ಹತ್ತಿರ ಬರುವವರು ಟೇಕ್ವಾಂಡೊದ ಕಿಮಿಯಾ ಅಲಿಜಾದೆ. 2016ರಲ್ಲಿ ಇರಾನ್ ಪರ ಕಂಚು, 2021ರಲ್ಲಿ ನಿರಾಶ್ರಿತರ ತಂಡ, 2024ರಲ್ಲಿ ಬಲ್ಗೇರಿಯಾ ಪರ ಮತ್ತೆ ಕಂಚು.

ನಮ್ಮಲ್ಲಿ ಹೀಗೆ ಬೇರೆ ದೇಶದವರು ಬಂದು ಆಡಬಹುದಾ?

ಕಷ್ಟ. ಭಾರತದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವಂತಿಲ್ಲ, ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ಭಾರತದ ಪರ ಆಡಬಹುದು. ಜೂಡೋ ಮಟ್ಟಿಗೆ ಕರ್ನಾಟಕದವರಿಗೆ ಹತ್ತಿರದ ಜಾಗ ಬಳ್ಳಾರಿ ಹತ್ತಿರದ ವಿಜಯನಗರದಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಅಲ್ಲಿ ತರಬೇತಿ ಪಡೆದ ಮಣಿಪುರದ ಲಿಂಥೋಯಿ ಚನಂಬಮ್ 2022ರಲ್ಲಿ ಸರಾಯೆವೊದಲ್ಲಿ ಕೆಡೆಟ್, ಅಂದರೆ 18 ವರ್ಷದೊಳಗಿನವರ, ವಿಶ್ವ ಚಿನ್ನ ಗೆದ್ದರು. ಯಾವುದೇ ವಯಸ್ಸಿನ ವಿಭಾಗದಲ್ಲಿ ಭಾರತಕ್ಕೆ ಜೂಡೋದಲ್ಲಿ ಅದೇ ಮೊದಲ ವಿಶ್ವ ಚಿನ್ನ.

ಮೊಲ್ಲಾಯಿ ಆಟ ನೋಡಬೇಕು ಅಂದ್ರೆ ಯಾವ ಪಂದ್ಯದಿಂದ ಶುರು ಮಾಡಲಿ?

ಎಲ್ಲರೂ 2021ರ ಒಲಿಂಪಿಕ್ ಫೈನಲ್ ಹೇಳುತ್ತಾರೆ. ಅದು ಒಳ್ಳೆಯ ಪಂದ್ಯವೇ. ಆದರೆ ಮೊದಲು 2019ರಲ್ಲಿ ಖಾಲ್ಮುರ್ಜಾಯೆವ್ ಎದುರು ಆಡಿದ್ದನ್ನು ಹುಡುಕಿ ನೋಡಿ. ಆ ಚಾಪೆಗೆ ಕಾಲಿಡುವ ಹೊತ್ತಿಗೆ ಮೊದಲ ಫೋನ್ ಬಂದಾಗಿತ್ತು.